ದೊಡ್ಡ ಚಕ್ರ ಹಾಕಿಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಉಗುರಾಗಿ ಬೆಳೆದಿತ್ತು. ಆ ಸೀಳಿನಲ್ಲಿ ಸದಾ ಗ್ರೀಸು. ಅದೇ ಬೆರಳನ್ನು ನಮ್ಮ ಮುಖದ ಮುಂದೆ ಆಡಿಸುತ್ತ ಮಾತಾಡುತ್ತಿದ್ದರು. ಆಲ್ದೂರಿನ ರಸ್ತೆಬದಿಯ ಗ್ಯಾರೇಜಿನ ಮೇಸ್ತ್ರಿ ಅವರು. ಸುತ್ತಲಿನ ಎಸ್ಟೇಟುಗಳ ಜೀಪುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಬೈಸಿಕೊಳ್ಳದೆ ಯಾರೂ ವಾಪಸು ಹೋಗುತ್ತಿರಲಿಲ್ಲ. ಕ್ಲಚ್ ಸುಟ್ಟುಕೊಂಡು ಬಂದ ಪ್ಲಾಂಟರೊಬ್ಬರಿಗೆ, ಹೆಂಡತಿಯ ಎದುರೇ, "ಕ್ಲಚ್ ಮೇಲೆ ಕಾಲಿಟ್ಕೊಂಡೇ ನಿದ್ದೆ ಹೋಗ್ತೀರಾ? ಡ್ರೈವರ್ ಇಟ್ಕೊಳ್ಳಿ" ಅಂದಿದ್ದರು.

ನಾನಾಗ ಎಸ್ಟೇಟೊಂದರ ಮ್ಯಾನೇಜರ್. ಹತ್ತಕ್ಕೆ ಅಂದರೆ ಹತ್ತಕ್ಕೇ ಚಿಕ್ಕಮಗಳೂರಿನ ಆಫೀಸಿನಲ್ಲಿರಬೇಕು ಎನ್ನುವವನು. ನಮ್ಮ ಜೀಪು ಟಾರು ರಸ್ತೆಯಲ್ಲಿ ಅರವತ್ತು ದಾಟಿದರೆ ಅರಚುತ್ತಿತ್ತು. ದೊಡ್ಡ ಚಕ್ರ, ದೊಡ್ಡ ಟೈರು ಹಾಕಿಸಿದರೆ ಎಂಜಿನ್ ಅಷ್ಟೇ ತಿರುಗಿದರೂ ಗಾಡಿ ಹೆಚ್ಚು ದೂರ ಓಡುತ್ತದೆ ಎಂದು ನಿರ್ಧರಿಸಿದೆ.

"ಓಡತ್ತೆ. ದಿಬ್ಬ ಹತ್ತಲ್ಲ," ಎಂದರು ಮೇಸ್ತ್ರಿ. "ಫಸ್ಟ್ ಗೇರು ಸೆಕೆಂಡಿನ ಥರ ಆಗತ್ತೆ. ಎಳೆಯೋ ಶಕ್ತಿನೇ ಹೋಗತ್ತೆ. ಇದೇ ಜೀಪಲ್ಲಿ ತಾನೆ ಕಾಫಿ ಕೊಯ್ಯೋ ಹೆಂಗಸ್ರನ್ನ ಗುಡ್ಡದ ಮೇಲಿನ ಬ್ಲಾಕಿಗೆ ತುಂಬ್ಕೊಂಡು ಹೋಗೋದು?"

"ಹೇಳಿದ್ದು ಮಾಡು. ನಿನ್ನ ಉಪದೇಶ ಕೇಳೋಕೆ ಬಂದಿಲ್ಲ."

ಮಾಡಿದರು. ಹೊಸ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ಹಳೆಯದಕ್ಕಿಂತ ಒಂದು ಗೇಣು ಮುಂದೆ ಹೋದದ್ದನ್ನು ನೆಲದ ಮೇಲೆ ತೋರಿಸಿದರು. ಆದರೆ ಅವರದೊಂದು ಪದ್ಧತಿಯಿತ್ತು. ಹೊರೆ ತುಂಬಿದ ಗಾಡಿಯನ್ನು ಗ್ಯಾರೇಜಿನ ಹಿಂದಿನ ದಿಬ್ಬದ ನಡುವೆ ನಿಲ್ಲಿಸಿ, ಮತ್ತೆ ಹತ್ತಿಸಿ ನೋಡದೆ ಕೀ ಕೊಡುತ್ತಿರಲಿಲ್ಲ. ಅದಕ್ಕೆಂದೇ ಮರಳಿನ ಮೂಟೆಗಳಿದ್ದವು. ಮೂಟೆ ಹೇರಿಸಿ, ಮುಂದೆ ಕೂರಲು ಹೋದ ನನ್ನನ್ನು ತಡೆದರು.

"ಅಲ್ಲಲ್ಲ. ಹಿಂದೆ. ಹೆಂಗಸ್ರು ಕೂರೋ ಕಡೆ."

ಆರೇಳು ಜನ ನೋಡುತ್ತಿದ್ದರು. ಹತ್ತಿ ಕೂತೆ. ದಿಬ್ಬದ ನಡುವೆ ಜೀಪು ನಿಂತಿತು. ಮತ್ತೆ ಹೊರಡುವಾಗ ಎಂಜಿನ್ ಎರಡು ಸಲ ನಡುಗಿ ಆರಿಹೋಯಿತು. ಗಾಡಿ ಹಿಂದಕ್ಕೆ ಉರುಳಿತು. ಮೇಸ್ತ್ರಿ ಕ್ಲಚ್ ಒತ್ತಿ ಹಿಡಿದರು, ಬ್ರೇಕ್ ಮುಟ್ಟಲಿಲ್ಲ. ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬೆನ್ನ ಹಿಂದೆ ಆಳದ ಚರಂಡಿ. "ಅಯ್ಯೋ, ಬ್ರೇಕು! ಬ್ರೇಕು!" ಎಂದು ಕಿರುಚಿದೆ. ಪ್ಯಾಂಟು ಒದ್ದೆಯಾಯಿತು. ಚರಂಡಿ ಮೊಳದಷ್ಟು ದೂರವಿರುವಾಗ ಬ್ರೇಕ್ ಒತ್ತಿದರು.

"ಇಳೀರಿ ಸಾಹೇಬ್ರೇ. ಅವ್ರು ಹನ್ನೊಂದು ಜನ ಒಟ್ಟಿಗೆ ಕಿರುಚಿದ್ರೆ ಚಿಕ್ಕಮಗಳೂರಿನ ಆಫೀಸಿಗೆ ಕೇಳ್ಸತ್ತಾ?"

"ಮಳೆ ಇಲ್ದೇ ನೆನೆದ್ರಲ್ಲ ಮಾರಾಯ!" ಎಂದು ಗುಂಪಿನಲ್ಲಿ ಯಾರೋ ನಕ್ಕರು.

ಹಳೆಯ ಚಕ್ರಗಳನ್ನೇ ಹಾಕಿಸಿಕೊಂಡು ಬಂದೆ. ಆ ನಗುವನ್ನು ಮಾತ್ರ ಬಿಡಲಿಲ್ಲ. ಪರಿಚಯದ ಮ್ಯಾನೇಜರುಗಳಿಗೆಲ್ಲ ಫೋನು ಮಾಡಿ, ಆತ ಕುಡಿದು ಗಾಡಿ ಓಡಿಸುತ್ತಾನೆ ಎಂದೆ. ಮೇಸ್ತ್ರಿ ಟೀ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಮುಂದಿನ ಕೊಯ್ಲಿನ ಹೊತ್ತಿಗೆ ಗ್ಯಾರೇಜಿಗೆ ಬೀಗ ಬಿತ್ತು. ಗೋಣಿಬೀಡಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತರು.

ಒಮ್ಮೆ ಬೇರೆ ದಾರಿಯಿಲ್ಲದೆ ಅಲ್ಲಿಗೇ ಜೀಪು ಒಯ್ದೆ. ಟೈರನ್ನು ನೋಡಿ, "ಹಳೇ ಸೈಜೇ. ಅಷ್ಟಾದ್ರೂ ಬುದ್ಧಿ ಉಳಿದಿದೆ" ಎಂದರು. ಕೆಲಸ ಮುಗಿಸಿದ ಮೇಲೆ, ತಲೆ ಎತ್ತದೆ, "ಕುಡುಕ ಅಂದ್ರಂತೆ?"

ನಾನು ಪರ್ಸು ತೆಗೆದು ದುಡ್ಡು ಎಣಿಸಿದೆ.

"ಇರ್ಲಿ ಬಿಡಿ. ಹಿಂದಿನ ಬ್ರೇಕ್ ಶೂ ಸವ್ದಿದೆ, ಬದಲಾಯ್ಸಿ."

ಅವರು ತೀರಿಕೊಂಡ ಸುದ್ದಿ ಬೆಳಗಿನ ಹಾಜರಿಯ ಹೊತ್ತಿಗೆ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಹೇಳಿದ ಸುಳ್ಳನ್ನು ಯಾರೆದುರೂ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಮೇಲಿನ ಬ್ಲಾಕಿನ ಪಟ್ಟಿ ತೆರೆದು ಹೆಸರು ಕರೆದೆ. ಹನ್ನೊಂದು ಹೆಂಗಸರೂ ಒಬ್ಬೊಬ್ಬರಾಗಿ "ಇದೀನಿ" ಎಂದರು.