ಕೆಂಚವ್ವ ಆರಿಸಿಕೊಂಡ ಖಾತೆ

ಬಾಗಲಕೋಟೆ ಕಡೆಯ ಕೆಂಚವ್ವ ಬಿಟಿಎಂ ಲೇಔಟಿನ ಪಿಜಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. 2006ರಲ್ಲಿ ಅವಳಿಗೆ ಜಯನಗರದಲ್ಲೊಂದು ಪುಟ್ಟ ಮಳಿಗೆ ಸಿಕ್ಕಿತು. ಮಾಲೀಕರಾದ ಅನಂತರಾಮು, "ಬಾಡಿಗೆ ಚೆಕ್‌ನಲ್ಲೇ ಕೊಡ್ಬೇಕಮ್ಮ" ಎಂದಿದ್ದರು.

ಮರುದಿನವೇ ಅವಳು ಬ್ಯಾಂಕಿಗೆ ಓಡಿದಳು. ಕೌಂಟರಿನಲ್ಲಿದ್ದ ಸರಸ್ವತಿ ಅವಳನ್ನು ನೋಡಿ, ಸಾದಾ ಉಳಿತಾಯ ಖಾತೆಯ ಫಾರಂ ಮುಂದಿಟ್ಟರು. "ಇದಕ್ಕೆ ಮಿನಿಮಂ ಬ್ಯಾಲೆನ್ಸ್ ಬೇಕಾಗಿಲ್ಲ. ನಿಮ್ಗೆ ಇದೇ ಸರಿಹೋಗತ್ತೆ."

ಕೆಂಚವ್ವ ಪಕ್ಕದಲ್ಲಿದ್ದ ಇನ್ನೊಂದು ಫಾರಂ ತೋರಿಸಿದಳು. "ಅದಕ್ಕೂ ಇದಕ್ಕೂ ಏನ್ ಫರಕ್ ಐತ್ರಿ ಮೇಡಂ?"

"ಅದು ರೆಗ್ಯುಲರ್ ಖಾತೆ. ಸಾವಿರ ರೂಪಾಯಿ ಯಾವಾಗ್ಲೂ ಇರ್ಬೇಕು, ಕಮ್ಮಿಯಾದ್ರೆ ದಂಡ ಬೀಳತ್ತೆ. ಆದ್ರೆ ಚೆಕ್ ಬುಕ್ ಕೊಡ್ತೀವಿ. ಸಾದಾ ಖಾತೆಗೆ ಕೊಡಲ್ಲ."

ಕೆಂಚವ್ವನ ಮುಖ ಅರಳಿತು. "ಹಂಗಾದ್ರ ನನಗ ಅದನ್ನ ಕೊಡ್ರಿ! ಆ ಸಾವಿರ ಅಲ್ಲೇ ಇರ್ಲಿ, ನಾ ಮುಟ್ಟಂಗಿಲ್ಲ."

ಹದಿನೈದು ದಿನಕ್ಕೆ ಚೆಕ್ ಬುಕ್ ಕೈಸೇರಿತು. ಅನಂತರಾಮು ಅವರ ಮನೆಯಲ್ಲಿ ಕುಳಿತು ಅವಳು ಮೊದಲ ಚೆಕ್ಕಿಗೆ ಸಹಿ ಹಾಕಿದಳು. ಅವರು ಸಹಿಯನ್ನೊಮ್ಮೆ ನೋಡಿ, ನಕ್ಕು, ಬೀಗದ ಕೈ ಕೊಟ್ಟರು.

ಆಟೋಗೂ ಕಾಯದೆ ಕೆಂಚವ್ವ ಮಳಿಗೆಯವರೆಗೆ ಓಡುತ್ತಲೇ ಹೋದಳು. ಎರಡೂ ಕೈ ಹಾಕಿ, ಇಡೀ ಬೀದಿಗೆ ಕೇಳುವಂತೆ ಶಟರ್ ಎತ್ತಿದಳು.