ಇಸ್ತ್ರಿ ಮಾಮ ಅಳಿಸಿದ ಗಾಯ

ಆ ಬೀದಿಯ ಫೋಟೋ ಸ್ಟುಡಿಯೋದವನಿಗೆ ಜನ ಇಟ್ಟ ಹೆಸರು ಇಸ್ತ್ರಿ ಮಾಮ. ಕಂಪ್ಯೂಟರಿನ ಮುಂದೆ ಕೂತನೆಂದರೆ ಎಂಥ ಸುಕ್ಕು ಮುಖವನ್ನೂ ತೀಡಿ ನುಣ್ಣಗೆ ಮಾಡಿಬಿಡುತ್ತಿದ್ದ. "ಮದುವೆ ಫೋಟೋದಲ್ಲಿ ನಮ್ಮಪ್ಪನ್ನ ನಾನೇ ಗುರುತು ಹಿಡೀಲಿಲ್ಲ ಕಣ್ರೀ," ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಪುಣ್ಯಾತ್ಮ ಅದನ್ನೂ ಹೊಗಳಿಕೆಯೆಂದೇ ತಿಳಿದು ಬೀಗುತ್ತಿದ್ದ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಹರೆಯದ ಹುಡುಗಿಯನ್ನು ಕರೆತಂದಳು. ತಾನು ಚಿಕ್ಕಮ್ಮ, ಹುಡುಗಿಗೆ ಪರದೇಶದಲ್ಲಿ ಕೆಲಸ ಸಿಕ್ಕಿದೆ, ಪಾಸ್‌ಪೋರ್ಟಿಗೆ ಫೋಟೋ ಬೇಕು ಎಂದಳು. ಏನು ಕೇಳಿದರೂ ಉತ್ತರ ಅವಳದೇ. ಹುಡುಗಿ ಬಾಯಿ ಬಿಟ್ಟದ್ದು ಒಂದೇ ಸಲ, ಅವಳ ಹುಬ್ಬಿನ ಮೇಲಿನ ಗಾಯದ ಗೆರೆಯನ್ನು ಅವನು ಅಳಿಸಹೊರಟಾಗ.

"ಅಣ್ಣಾ, ಅದು ಇರ್ಲಿ. ತೆಗೀಬೇಡಿ."

"ತೆಗೀರಿ, ಅವಳಿಗೇನು ಗೊತ್ತಾಗುತ್ತೆ," ಎಂದಳು ಚಿಕ್ಕಮ್ಮ.

"ಇಷ್ಟು ಚೆಂದದ ಮುಖಕ್ಕೆ ಇದ್ಯಾಕೆ ತಂಗಿ?" ಎಂದು ನಗುತ್ತಲೇ ಅಳಿಸಿದ. ಎಂದಿನ ಅಭ್ಯಾಸದಂತೆ ಮೂಲ ಫೋಟೋದ ಮೇಲೆಯೇ ಸೇವ್ ಮಾಡಿದ.

ಕೆಲವು ವಾರಗಳ ಮೇಲೆ ಹುಡುಗಿಯ ತಾಯಿ ಬಂದಳು. ಕೆಲಸದ ಆಸೆ ತೋರಿಸಿ ಸಾಗಿಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಡುವ ಸಹಾಯ ಕೇಂದ್ರದ ಮೇಡಂ ಜೊತೆಗಿದ್ದರು. ಆ ಚಿಕ್ಕಮ್ಮ ಯಾರ ಚಿಕ್ಕಮ್ಮನೂ ಅಲ್ಲ. ಹುಡುಗಿಯನ್ನು ಮಾರಿ ಮಾಯವಾಗಿದ್ದಳು. ಹುಡುಕುವವರಿಗೆ ಹಂಚಲು ಈಚಿನ ಫೋಟೋ ಇದ್ದದ್ದು ಇವನ ಬಳಿ ಮಾತ್ರ.

ಅವನು ತೆರೆದು ತೋರಿಸಿದ. ತಾಯಿ ದಿಟ್ಟಿಸಿ ನೋಡಿ ತಲೆಯಾಡಿಸಿದಳು. "ಇವಳಲ್ಲ. ನನ್ನ ಮಗಳಿಗೆ ಹುಬ್ಬಿನ ಮೇಲೆ ಗಾಯ ಇದೆ."

ಅದನ್ನು ಅಳಿಸಿದ್ದು ತಾನೇ ಎಂದು ಇಸ್ತ್ರಿ ಮಾಮ ಒಪ್ಪಿಕೊಂಡ. "ಮೊದಲಿನ ಫೋಟೋ ಇಲ್ವಾ?" ಎಂದರು ಮೇಡಂ. ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವನು ಒಂದು ಮುಖಕ್ಕೆ ಗಾಯ ಬರೆದ. ಪಕ್ಕದಲ್ಲಿ ಕೂತ ತಾಯಿ, "ಇನ್ನೂ ಸ್ವಲ್ಪ ಉದ್ದ, ತುದಿ ಮೇಲಕ್ಕೆ," ಎಂದು ಬೆರಳಿಟ್ಟು ತೋರಿಸುತ್ತಾ ಹೋದಳು. ಮುಗಿದಾಗ ಪರದೆಯನ್ನು ಸವರಿ ಕೇಳಿದಳು.

"ಏನಾದ್ರೂ ಹೇಳಿದ್ಲಾ ಅಣ್ಣಾ?"

ಇಲ್ಲ ಎಂದು ನುಣುಚಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೂ ಅದೇ ಬಂದಿತ್ತು.

"ಗಾಯ ತೆಗೀಬೇಡಿ ಅಂದ್ಲು. ನಾನು ಕೇಳ್ಲಿಲ್ಲ."

ತಾಯಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ನೀನೆಲ್ಲೇ ಕಳೆದುಹೋದ್ರೂ ಆ ಗುರುತು ನೋಡಿ ಹಿಡ್ಕೊಂಡು ಬರ್ತೀನಿ ಅಂತ ಅವಳಿಗೆ ನಾನೇ ಹೇಳ್ತಿದ್ದೆ," ಎಂದಳು.

ಹುಡುಗಿ ಇನ್ನೂ ಸಿಕ್ಕಿಲ್ಲ. ಸ್ಟುಡಿಯೋದ ಗಾಜಿಗೆ ಅವಳ ಫೋಟೋ, ಕೇಂದ್ರದ ಫೋನ್ ನಂಬರ್ ಅಂಟಿಸಿದ್ದಾನೆ. ಈಗ ಯಾರೇ ಹುಡುಗಿಯನ್ನು ಕರೆತಂದರೂ, ಬೆಳಕಿಗೆ ಅಡ್ಡ ಬರ್ತೀರಿ ಎಂಬ ನೆಪ ಹೇಳಿ ಜೊತೆಯವರನ್ನು ಹೊರಗೆ ಕೂರಿಸುತ್ತಾನೆ. ಹೆಂಡತಿಯನ್ನು ಒಳಗೆ ಕರೆಯುತ್ತಾನೆ. ಆಮೇಲೆ, ಕ್ಯಾಮೆರಾ ಮುಟ್ಟುವ ಮುಂಚೆ, ಮೆಲ್ಲಗೆ ಕೇಳುತ್ತಾನೆ.

"ಏನಾದ್ರೂ ಹೇಳೋದಿದ್ಯಾ ತಂಗಿ? ಈ ಸಲ ಕೇಳ್ತೀನಿ."