ಅಣ್ಣನ ಪೆನ್ಸಿಲ್ ಗೆರೆ

ಎರಡನೇ ಮಹಾಯುದ್ಧಕ್ಕೆ ಎರಡು ವರ್ಷ ಮೊದಲಿನ ಮಾತು. ಅಣ್ಣ ಬಂದರಿನ ಒಂದು ಒಳ್ಳೆಮೆಣಸಿನ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಅದೇ ಊರಿನ ಬಿಜೈಯ ನಮ್ಮ ಮನೆಯಲ್ಲಿ ಅಮ್ಮ, ಅವನು, ನಾನು ಮೂವರೇ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಅಣ್ಣನಿಗೆ ಚೌಕುಳಿ ಕಾಗದ ತಂದುಕೊಡುತ್ತಿದ್ದವಳು ನಾನೇ. ಹಾಳೆಗೆ ಹಾಳೆ ಅಂಟಿಸಿ, ವಾರವಾರದ ಮೆಣಸಿನ ದರಕ್ಕೆ ಚುಕ್ಕಿ ಇಟ್ಟು, ಅವನು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ.

“ದರ ಅಲೆಯ ಹಾಗೆ ಬರುದು ಮಾರಾಯ್ತಿ. ಮೂರು ಸಲ ಏರ್ತದೆ, ನಡುವೆ ಎರಡು ಸಲ ಸ್ವಲ್ಪ ಇಳೀತದೆ. ಮೂರನೇ ಏರು ಮುಗಿದ ಮೇಲೆ ದೊಡ್ಡ ಇಳಿತ. ಜನರ ಆಸೆ, ಹೆದರಿಕೆ ಎರಡೂ ಇದರಲ್ಲಿ ಉಂಟು” ಎನ್ನುತ್ತಿದ್ದ. ಮುಂದಿನ ಅಲೆಗಳನ್ನು ಪೆನ್ಸಿಲಿನಲ್ಲಿ ಮೊದಲೇ ಬರೆದಿಡುತ್ತಿದ್ದ.

ಆ ಮಳೆಗಾಲದ ಕೊನೆಯಲ್ಲಿ ವಿಷಮಜ್ವರ ಬಂದು ಹನ್ನೆರಡನೇ ದಿನ ತೀರಿಕೊಂಡ.

ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲಿನ ಭಾನುವಾರ ಅವನ ಮಂಡಿಯ ಸಾಹುಕಾರರು ಬಂದರು. ಬ್ಯಾರಿ ಮುಸಲ್ಮಾನರು, ವಯಸ್ಸಾದವರು. ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು, ಒಳಗೆ ಬಂದು ಕುಳಿತು ಕೇಳಿದರು: “ತಂಗಿ, ಅವನ ಆ ಕಾಗದ ಉಂಟಾ?”

ತಂದು ಹಾಸಿದೆ. ಶಾಯಿ ನಿಂತಲ್ಲಿಂದ ಪೆನ್ಸಿಲ್ ಗೆರೆ ಒಂದು ಗೇಣು ಮುಂದೆ ಹೋಗಿತ್ತು. ಅವರು ವಾರದ ದರ ಹೇಳಿದರು. ನಾನು ಚುಕ್ಕಿ ಇಟ್ಟೆ. ಅದು ಹೆಚ್ಚುಕಮ್ಮಿ ಪೆನ್ಸಿಲ್ ಗೆರೆಯ ಮೇಲೆಯೇ ಬಿತ್ತು.

ಆಮೇಲೆ ಪ್ರತಿ ಭಾನುವಾರ ಬಂದರು. ಶಾಯಿಯ ಗೆರೆ ಪೆನ್ಸಿಲ್ ಗೆರೆಯನ್ನು ಹಿಡಿದು ಹೋಗುತ್ತಲೇ ಇತ್ತು.  ಚುಕ್ಕಿ ಇಡುವಾಗ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನಿಸಿ ಎಷ್ಟೋ ಸಲ ತಿರುಗಿದ್ದೇನೆ. ಅಮ್ಮ ಮಾತ್ರ ಆ ದಿನಕ್ಕಾಗಿ ಕಾಯುತ್ತಿದ್ದಳು. ಚಹಾ ಇಟ್ಟು, “ಮಗ ಎಂತ ಹೇಳ್ತಾನೆ?” ಎಂದು ಕೇಳುತ್ತಿದ್ದಳು. “ಏರ್ತದೆ ಅಂತ ಹೇಳ್ತಾನೆ ಅಮ್ಮ” ಎನ್ನುತ್ತಿದ್ದರು ಸಾಹುಕಾರರು. ಅಣ್ಣ ಇನ್ನೂ ಇದ್ದಾನೆಂಬಂತೆ ಮಾತಾಡುವವರು ಬೇರೆ ಯಾರೂ ಉಳಿದಿರಲಿಲ್ಲ.

ಪೆನ್ಸಿಲ್ ಗೆರೆ ಮೂರನೇ ಏರಿನ ತುದಿಯಲ್ಲಿ ನಿಂತಿತ್ತು; ಶಾಯಿಯೂ ಆ ತುದಿಗೆ ಬಂದು ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ಇಳಿತವೆಂದು ನನಗೆ ಗೊತ್ತಿತ್ತು. ಇಳಿತ ಎಂದರೆ ಅವರು ದಾಸ್ತಾನು ಮಾರಿಬಿಡುತ್ತಾರೆ, ಮತ್ತೆ ಬರುವುದಿಲ್ಲ. ಒಂದು ಶನಿವಾರ ಸಂಜೆ, ಅಮ್ಮ ದೀಪ ಹಚ್ಚಲು ಒಳಗೆ ಹೋಗಿದ್ದಾಗ, ಅಣ್ಣನ ಪೆನ್ಸಿಲನ್ನೇ ಹಿಡಿದು ಗೆರೆಯನ್ನು ಮೇಲಕ್ಕೆ ಎಳೆದೆ.

ಮರುದಿನ ಸಾಹುಕಾರರು ಅದನ್ನು ನೋಡಿ ತಲೆಯಾಡಿಸಿದರು. “ಇನ್ನೂ ಏರು ಉಂಟು, ಅಲ್ವಾ?”

“ಉಂಟು” ಎಂದೆ.

ಅವರು ಮೆಣಸನ್ನು ಮಾರದೆ ಇಟ್ಟುಕೊಂಡರು. ಮೂರು ವಾರ ದರ ಬಿದ್ದಿತು, ನಾಲ್ಕನೇ ವಾರ ಇನ್ನೂ ಜೋರಾಗಿ ಬಿದ್ದಿತು. ಆ ಭಾನುವಾರಗಳಲ್ಲಿ ಅವರು ಬರಲಿಲ್ಲ. ಕೊನೆಗೆ ಬಂದ ದಿನ ಅವರ ಮುಖ ಸೊರಗಿತ್ತು. ಅಮ್ಮ ಎಂದಿನಂತೆ ಕೇಳಿದಳು. ಅವರು ನನ್ನ ಕಡೆ ನೋಡದೆ ಹೇಳಿದರು: “ಅವನು ಸರಿಯಾಗಿಯೇ ಬರೆದಿದ್ದಾನೆ ಅಮ್ಮ. ನನಗೇ ಓದಲಿಕ್ಕೆ ಬರಲಿಲ್ಲ.”

ಅವರು ಹೊರಟಾಗ ಗೇಟಿನವರೆಗೆ ಹಿಂದೆಯೇ ಓಡಿದೆ. “ಸಾಹುಕಾರ್ರೇ, ಕೊನೆಯ ಗೆರೆ ಅವನದ್ದಲ್ಲ. ನಾನು ಎಳೆದದ್ದು.”

 ಬೈಯುತ್ತಾರೆಂದು ಕಾದೆ. ಅವರ ಕಣ್ಣು ತುಂಬಿತು.

“ಹಾಗಾದ್ರೆ ಅವ ತಪ್ಪಲಿಲ್ಲ” ಎಂದರು. “ಅಮ್ಮನಿಗೆ ಹೇಳ್ಬೇಡ.”

ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ನಷ್ಟಕ್ಕೆ ತಮ್ಮ ದುರಾಸೆಯೇ ಕಾರಣವೆಂದು ಬಂದರಿನಲ್ಲೆಲ್ಲ ಹೇಳಿಕೊಂಡರಂತೆ. ಆ ಮಾತು ನನ್ನ ಕಿವಿಗೂ ಬಿತ್ತು. ಅದು ಸುಳ್ಳೆಂದು ಯಾರಿಗಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.